ಕಪಾಟಿಗೆ ಬೀಗ

ಅಕ್ಕನ ಹೊಟ್ಟೆಯೊಳಗಿನ ಗಡ್ಡೆಗೆ ಪ್ರೋಟೀನಿನ ಒಂದು ಅಂಶವೆಂದರೆ ಪ್ರಾಣ. ಊಟದಿಂದ ಅದನ್ನೇ ತೆಗೆದುಹಾಕಿ, ಗಡ್ಡೆ ಸೊರಗಿದಾಗ ಮದ್ದು ಕೊಡುವುದು ಆಸ್ಪತ್ರೆಯವರ ಹೊಸ ಪ್ರಯೋಗ. ಹಾಲು, ಮೊಟ್ಟೆ, ಮಾಂಸ, ಬೇಳೆ ಕೂಡದು. ಆ ಅಂಶವೊಂದನ್ನು ಬಿಟ್ಟು ಉಳಿದೆಲ್ಲ ಇರುವ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ರಕ್ತದಲ್ಲಿ ಆ ಅಂಶ ಇಳಿಯದಿದ್ದರೆ ಅಕ್ಕನನ್ನು ಪ್ರಯೋಗದಿಂದ ಕೈಬಿಡುತ್ತಾರೆ. ಬೇರೆ ಮದ್ದುಗಳೆಲ್ಲ ಆಗಲೇ ಸೋತಿದ್ದವು.

ಹೊಲಿಗೆ ಅಂಗಡಿಗೆ ರಜೆ ಹಾಕಿ ಬಂದ ತಂಗಿಯದೇ ಅಡುಗೆಮನೆಯ ಉಸ್ತುವಾರಿ. ಮೊದಲ ಪರೀಕ್ಷೆಯಲ್ಲಿ ಇಳಿದಿದ್ದ ಅಂಶ ಎರಡನೆಯದರಲ್ಲಿ ಏರಿತು. ಯಾರೋ ಕದ್ದು ಉಣಿಸುತ್ತಿದ್ದಾರೆ. ಯಾರೋ ಏನು ಬಂತು, ಮನೆಯಲ್ಲಿ ಇನ್ನಿದ್ದವಳು ಅಮ್ಮ ಒಬ್ಬಳೇ. ಕಾಯಿಲೆಯವಳನ್ನು ಉಪವಾಸ ಕೆಡವಿ ಯಾರು ಉದ್ಧಾರವಾದರು ಎಂದು ಗೊಣಗುತ್ತಿದ್ದವಳೂ ಅವಳೇ.

ತಂಗಿ ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಅನ್ನ, ಆಲೂಗಡ್ಡೆಗೆ ಅಡ್ಡಿಯಿರಲಿಲ್ಲ. ಆದರೂ ಅವುಗಳಲ್ಲೂ ಆ ಅಂಶ ಚೂರುಪಾರು ಇದ್ದರೆ ಎಂಬ ಭಯಕ್ಕೆ ಅವನ್ನೂ ಅರ್ಧಕ್ಕಿಳಿಸಿದಳು. ಮೊದಲ ಪರೀಕ್ಷೆಯಾದಾಗಿನಿಂದಲೇ ವಾಸನೆ ತಡೆಯದೆ ಅಕ್ಕ ಪುಡಿಯ ನೀರನ್ನು ಅರ್ಧ ಲೋಟಕ್ಕೇ ಬಿಡುತ್ತಿದ್ದಳು, ಈಗಲೂ ತಂಗಿ ಒತ್ತಾಯಿಸಲಿಲ್ಲ. ಹೆಚ್ಚಾಗುವುದಕ್ಕಿಂತ ಕಡಿಮೆಯೇ ವಾಸಿಯಲ್ಲವೇ?

"ಗಡ್ಡೆಗಿಂತ ಮೊದಲು ನಾನೇ ಕರಗಿಹೋಗ್ತೀನಿ ಪುಟ್ಟಿ," ಎಂದು ಅಕ್ಕ ಮೊಣಕೈತನಕ ಜಾರುವ ಬಳೆ ತೋರಿಸಿ ನಕ್ಕಳು.

ಮೂರನೆಯ ಪರೀಕ್ಷೆಯಲ್ಲಿ ಅಂಶ ಇನ್ನೂ ಮೇಲೆ. ತಂಗಿ ಆಸ್ಪತ್ರೆಯ ಮೊಗಸಾಲೆಯಲ್ಲೇ ಅಮ್ಮನ ಮೇಲೆ ಹರಿಹಾಯ್ದಳು. ಅಮ್ಮ ದನಿ ಏರಿಸಲಿಲ್ಲ. "ಒಂದು ಚಮಚ ಹಾಲೂ ಕೊಟ್ಟಿಲ್ಲ ಕಣೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕ್ತಿದ್ದೀಯ."

ಪಥ್ಯ ನೋಡಿಕೊಳ್ಳುವ ಡಯಟಿಷಿಯನ್ ಏನು ತಿಂದರೆಂದು ಕೇಳಲಿಲ್ಲ, ತಟ್ಟೆಯಲ್ಲಿ, ಲೋಟದಲ್ಲಿ ಎಷ್ಟು ಉಳಿಯುತ್ತದೆಂದು ಕೇಳಿದಳು. ಅಕ್ಕನ ತೋಳನ್ನು ಹಿಡಿದು ನೋಡಿದಳು.

"ಹೊಟ್ಟೆಗೆ ಸಾಲದಿದ್ದರೆ ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳುತ್ತೆ. ನಾವು ಬಿಡಿಸಿದ ಅಂಶ ಆ ಮಾಂಸದಲ್ಲಿ ಇದ್ದೇ ಇದೆ. ಗಡ್ಡೆ ಅಲ್ಲಿಂದ ಉಣ್ತಾ ಇದೆ."

ಅನ್ನ, ಎಣ್ಣೆ, ಸಕ್ಕರೆ ಧಾರಾಳವಾಗಿ ಕೊಡಿ, ಪುಡಿಯ ನೀರನ್ನು ಪೂರ್ತಿ ಕುಡಿಸಿ, ಇನ್ನೊಂದು ಪರೀಕ್ಷೆಗೆ ಅವಕಾಶವಿದೆ, ಅದೇ ಕೊನೆಯದು ಎಂದಳು. ತಂಗಿಗೆ ಮೈಯೆಲ್ಲ ಉರಿಯಿತು. ಇದು ಬೇಡ, ಅದು ಬೇಡ ಎಂದು ನೂರು ಸಲ ಹೇಳಿದವರು ಇಷ್ಟಾದರೂ ಬೇಕು ಎಂದು ಒತ್ತಿ ಹೇಳಬಾರದಿತ್ತೇ? ಹೇಳಿದ್ದರೋ ಏನೋ. ಅವಳ ಕಿವಿಗೆ ಬೇಡಗಳಷ್ಟೇ ಬಿದ್ದಿರಬಹುದು.

ಮನೆಯಲ್ಲಿ ಅಮ್ಮನ ಮುಖ ನೋಡಲಾಗಲಿಲ್ಲ. ತಪ್ಪಾಯ್ತು ಎನ್ನಲು ಹೋದಳು. ಬಾಯಿಗೆ ಬಂದದ್ದು ಬೇರೆ. "ಸಕ್ಕರೆ ಎಲ್ಲಿಟ್ಟಿದ್ದೀಯಮ್ಮ?"

"ಬೀಗದೊಳಗೆ. ಇಟ್ಟವಳು ನೀನು."

ಸೆರಗಿನ ಗಂಟು ಬಿಚ್ಚಲು ಬರಲಿಲ್ಲ. ಕೊನೆಗೆ ಅಮ್ಮನೇ ಹಲ್ಲಿನಿಂದ ಎಳೆದು ಬಿಡಿಸಿದಳು.

ಅಕ್ಕ ಮೂಗು ಹಿಡಿದು ಪುಡಿಯ ನೀರನ್ನು ಕುಡಿದು ಲೋಟ ಕೆಳಗಿಟ್ಟಳು. ತಳದಲ್ಲಿ ಒಂದು ಗುಟುಕು ಉಳಿದಿತ್ತು.

"ಅದನ್ನೂ," ಎಂದರು ಇಬ್ಬರೂ.