ಕಿರುಚದ ಬ್ರೇಕು

ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು ಹಾಕಿದ ಮೇಲೆ ಕಾರು ನೆಲ ಕಚ್ಚಿಕೊಂಡು ನಿಂತಿತ್ತು. ಬ್ರೆಂಟ್ ಬೆಳಗಿನಿಂದಲೂ ಅದರ ಕೆಳಗೇ ಬಿದ್ದುಕೊಂಡಿದ್ದ. ಎತ್ತರ ತಗ್ಗಿಸುವುದು, ಬಿಗಿ ಮಾಡುವುದು, ತೃಪ್ತಿಯಾಗದೆ ಮತ್ತೆ ಸಡಿಲಿಸುವುದು. ತಮ್ಮ ಟೋಬಿ ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೀಟ್ ಪೈ ತಿನ್ನುತ್ತಿದ್ದ.

"ಮುಗೀತೇನೋ? ನಿನ್ನ ಮದುವೆ ದಿನಾನೂ ಇಷ್ಟೊಂದು ಸಿಂಗಾರ ಮಾಡ್ಕೊಂಡಿರ್ಲಿಲ್ಲ ನೀನು."

"ಅದಕ್ಕೇ ಅವಳು ಬಿಟ್ಟು ಹೋಗಿದ್ದು. ಸರಿ, ಕಾರು ಹತ್ತು. ಮೊದಲನೇ ಸುತ್ತು ಮೆಲ್ಲಗೆ."

ಟೋಬಿ ಕಾರನ್ನು ರೇಸ್ ಟ್ರ್ಯಾಕಿಗೆ ಇಳಿಸಿದ. ಬ್ರೆಂಟ್ ಟ್ರ್ಯಾಕಿನ ಅಂಚಿನ ಪಿಟ್ ಗೋಡೆಗೆ ಒರಗಿ ನಿಂತ. ಪಕ್ಕದಲ್ಲಿ ಕಾರ್ ಕ್ಲಬ್ಬಿನ ಶೆರಿಲ್, ಕೈಯಲ್ಲಿ ವೈರ್‌ಲೆಸ್ ಹಿಡಿದು. ನೇರ ರಸ್ತೆಯ ಕೊನೆಯಲ್ಲಿ ಪ್ರತಿ ಕಾರೂ ಬ್ರೇಕು ಒತ್ತಿದಾಗ ಕಿವಿ ಸೀಳುವಂತೆ ಕಿರುಚುತ್ತಿತ್ತು. ಟ್ರ್ಯಾಕಿಗೆಂದೇ ಮಾಡಿದ ಗಟ್ಟಿ ಬ್ರೇಕ್ ಪ್ಯಾಡುಗಳ ಸ್ವಭಾವವೇ ಅದು. ಬ್ರೆಂಟ್, ಟೋಬಿ ವಾಸವಿದ್ದ ಶೆಪರ್ಟನ್ನಿನ ಬೀದಿಯಲ್ಲಿ ಆ ಸದ್ದಿಗೆ ಅಕ್ಕಪಕ್ಕದವರು ಶಾಪ ಹಾಕುತ್ತಿದ್ದರು. ಹಾಗಾಗಿ ಅಣ್ಣತಮ್ಮಂದಿರು ಸದ್ದಿಲ್ಲದ ಮೆತ್ತನೆಯ ಪ್ಯಾಡಿನಲ್ಲಿ ಬಂದು, ಇಲ್ಲಿ ಬದಲಾಯಿಸಿಕೊಳ್ಳುತ್ತಿದ್ದರು.

ಟೋಬಿಯ ಕಾರು ತಿರುವಿಗೆ ಬಂತು. ಬ್ರೇಕಿನ ದೀಪ ಹೊತ್ತಿತು. ಸದ್ದೇ ಇಲ್ಲ.

"ಏನು ಬ್ರೆಂಟ್, ನಿಮ್ಮ ಕಾರು ಚರ್ಚಿಗೆ ಹೊರಟ ಹಾಗೆ ಹೋಗ್ತಿದೆ?" ಎಂದು ಶೆರಿಲ್ ನಕ್ಕಳು.

ಬ್ರೆಂಟ್ ತಿರುಗಿ ಸಾಮಾನಿನ ಡಬ್ಬದತ್ತ ನೋಡಿದ. ಟ್ರ್ಯಾಕಿನ ಪ್ಯಾಡುಗಳು ಡಬ್ಬದಲ್ಲೇ ಇದ್ದವು. ಸ್ಪ್ರಿಂಗಿನ ಗುಂಗಿನಲ್ಲಿ ಬದಲಾಯಿಸುವುದನ್ನೇ ಮರೆತಿದ್ದ. ಮೆತ್ತನೆಯವು ಪೇಟೆಗೆ ಸಾಕು. ಇಲ್ಲಿ ಕೆಲವು ಸುತ್ತಿಗೇ ಕಾದು ಹಿಡಿತ ಬಿಡುತ್ತವೆ. ಹೊಸ ಸ್ಪ್ರಿಂಗಿನ ಧೈರ್ಯಕ್ಕೆ ಟೋಬಿ ಎಂದಿಗಿಂತ ಜೋರಾಗಿ ತಿರುವಿಗೆ ನುಗ್ಗುತ್ತಿದ್ದ.

ಶೆರಿಲ್‌ಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಬಾವುಟ ತೋರಿಸಿ ಕರೆಸುತ್ತಿದ್ದಳು. ಆದರೆ ಕ್ಲಬ್ಬಿನ ಅರ್ಧ ಜನ ತಮ್ಮ ಕಾರುಗಳನ್ನು ರಿಪೇರಿಗೆ ಬ್ರೆಂಟನಿಗೇ ಒಪ್ಪಿಸುತ್ತಿದ್ದರು. ಪ್ಯಾಡು ಹಾಕುವುದನ್ನೇ ಮರೆತನಂತೆ ಎಂದು ಕ್ಲಬ್ಬಿನ ಪ್ರತಿ ಬಾರ್ಬೆಕ್ಯೂ ಊಟದಲ್ಲೂ ನಗುತ್ತಾರೆ.  ಅವನು 'ಒಳಗೆ ಬಾ' ಎಂಬ ಫಲಕವನ್ನು ತಾನೇ ಎತ್ತಿ ಹಿಡಿದ.

ಮುಂದಿನ ಎರಡು ಸುತ್ತಿನಲ್ಲೂ ಟೋಬಿ ಯಾರನ್ನೋ ಹಿಂದಿಕ್ಕುವ ಭರದಲ್ಲಿದ್ದ. ಫಲಕದತ್ತ ನೋಡಲೇ ಇಲ್ಲ.

"ಶೆರಿಲ್, ಅವನನ್ನ ಕರೆಸು. ಬ್ರೇಕು... ನಾನು ಟ್ರ್ಯಾಕ್ ಪ್ಯಾಡ್ ಹಾಕಿಲ್ಲ."

ಅವಳು ತಕ್ಷಣ ವೈರ್‌ಲೆಸ್ಸಿನಲ್ಲಿ ಕೂಗಿದಳು. ತಿರುವಿನ ಬಳಿಯಿದ್ದವರು ಬಾವುಟ ಬೀಸುವಷ್ಟರಲ್ಲಿ ಕಾರು ಅದನ್ನು ದಾಟಿಯಾಗಿತ್ತು. ಬ್ರೇಕಿನ ದೀಪ ಹೊತ್ತಿತು, ಕಾರಿನ ವೇಗ ಇಳಿಯಲಿಲ್ಲ. ಟ್ರ್ಯಾಕಿನಾಚೆಯ ಜಲ್ಲಿಯ ಮೇಲೆ ಹಾರಿ, ಟೈರು ಪೇರಿಸಿದ ಗೋಡೆಗೆ ನುಗ್ಗಿತು.

ಟೋಬಿಯನ್ನು ಹೊರಗೆಳೆಯಲು ಬಾಗಿಲು ಕತ್ತರಿಸಬೇಕಾಯಿತು. ಎಡಗಾಲು ಮಂಡಿಯ ಕೆಳಗೆ ಯಾವ ಕಡೆಗೋ ತಿರುಗಿಕೊಂಡಿತ್ತು. ಸ್ಟ್ರೆಚರಿನ ಮೇಲೆ ಅವನು ಅಣ್ಣನ ತೋಳು ಹಿಡಿದುಕೊಂಡ.

"ಸಾರಿ ಕಣೋ. ಎಷ್ಟು ಚೆನ್ನಾಗಿ ತಿರುಗ್ತಿತ್ತು ಅಂದ್ರೆ, ಆಸೆ ಬಿದ್ದುಬಿಟ್ಟೆ. ಬ್ರೇಕು ಒತ್ತಿದ್ದು ತಡ ಆಯ್ತು. ನಂದೇ ತಪ್ಪು."

ಸ್ಟ್ರೆಚರಿನ ಆಚೆ ಬದಿಯಲ್ಲಿ ಶೆರಿಲ್ ನಿಂತಿದ್ದಳು. ಬ್ರೆಂಟ್ ಏನು ಹೇಳುತ್ತಾನೆಂದು ಅವನ ಮುಖವನ್ನೇ ನೋಡುತ್ತಿದ್ದಳು.

"ಇರ್ಲಿ ಬಿಡು," ಎಂದ ಬ್ರೆಂಟ್. "ಎಲ್ರಿಗೂ ಆಗುತ್ತೆ."