ಛಾಯಾಳ ಕಾಲಿಗಿಷ್ಟು ಜಾಗ

ನಿಂತ ಗಾಡಿ ಬೀಳುತ್ತದೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಇಚಲಕರಂಜಿಯ ಛಾಯಾ ಕೂಡ ಅಂದುಕೊಂಡಿರಲಿಲ್ಲ.

ಹಾಸಿಗೆ ಹಿಡಿದ ಅತ್ತೆಯ ಆರೈಕೆಯಲ್ಲಿ ಅವಳು ವರ್ಷಗಟ್ಟಲೆ ಊರು ಬಿಟ್ಟು ಹೋದವಳಲ್ಲ. ಅತ್ತೆ ತೀರಿಕೊಂಡ ಮರುವರ್ಷ ಗಂಡ ಭರತೇಶ ದೂರ ಪ್ರಯಾಣದ ದೊಡ್ಡ ಮೋಟಾರ್‌ಸೈಕಲ್ ತಂದ. "ಇನ್ನ ನೀ ಎಲ್ಲಿ ಅಂತಿ, ಅಲ್ಲಿಗೆ ಹೋಗೂಣು" ಎಂದ. ಶ್ರವಣಬೆಳಗೊಳದ ಗೊಮ್ಮಟನನ್ನು ಕಣ್ತುಂಬ ನೋಡಬೇಕೆಂದು ಅವಳ ಆಸೆ. ಮೊದಲು ರೂಢಿಯಾಗಲಿ ಎಂದು ಗಡಹಿಂಗ್ಲಜದಲ್ಲಿದ್ದ ಮಗಳ ಮನೆಗೆ ಹೊರಟರು.

ದಾರಿಯಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಭರತೇಶ ಗಾಡಿಯನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿ ಕಾಲೂರಿದ. ಕಾಲಡಿಯ ಜಲ್ಲಿ ಜಾರಿತು. ಬ್ಯಾಗು ತುಂಬಿದ ಗಾಡಿ ವಾಲಿ ಅವನ ಕೈಮೀರಿ ಬಿದ್ದೇಬಿಟ್ಟಿತು. ಹಿಂದೆ ಕೂತಿದ್ದ ಛಾಯಾಳ ಎಡಗಾಲು ಅದರಡಿ ಸಿಕ್ಕಿತು. ಹೊಲದಲ್ಲಿದ್ದವರು ಓಡಿ ಬಂದು ಎತ್ತುವವರೆಗೆ ಭರತೇಶ ಒಬ್ಬನೇ ಆ ಭಾರದೊಂದಿಗೆ ಗುದ್ದಾಡಿದ.

ಪಾದದ ಎಲುಬು ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿದರು. ಭರತೇಶ ಬಾರದ ಕೈಯಲ್ಲಿ ರೊಟ್ಟಿ ಬಡಿದ, ಅವಳ ಹೆರಳು ಹಾಕಿದ. ಗಾಡಿಯ ಮೇಲೆ ಮಾತ್ರ ತಾಡಪತ್ರಿ ಹೊದಿಸಿ ಅತ್ತ ಮುಖ ಹಾಕಲಿಲ್ಲ.

ಒಂದು ದಿನ ಅಂದೇಬಿಟ್ಟ, "ಗಾಡಿ ಮಾರಿಬಿಡ್ತೇನಿ."

"ಯಾಕ್ರಿ?"

"ಅದರ ಬುಡಕ ನಿನ್ನ ಕಾಲು ನೋಡೇನಿ ನಾ. ಮತ್ತ ನಿನ್ನ ಹಿಂದ ಕುಂದ್ರಸಾಕ ನನಗ ಧೈರ್ಯ ಇಲ್ಲ."

ಕಾಲಿಗಿಂತ ಆ ಮಾತೇ ಛಾಯಾಳನ್ನು ಹೆಚ್ಚು ನೋಯಿಸಿತು.

ಅಕ್ಕನನ್ನು ನೋಡಲು ಕೊಲ್ಲಾಪುರದಿಂದ ತಂಗಿ ನೂತನ ಬಂದಳು. ಹೆಣ್ಣುಮಕ್ಕಳ ಗುಂಪು ಕಟ್ಟಿಕೊಂಡು ಮೋಟಾರ್‌ಸೈಕಲ್ ಮೇಲೆ ದೂರದೂರ ತಿರುಗಿದವಳು. ತಾಡಪತ್ರಿ ಸರಿಸಿ ನೋಡಿದಳು.

"ದಾಜಿ, ಬದಿಗೆ ಗಾರ್ಡಿನ ಕಂಬಿ ಹಾಕಸಿಲ್ಲೇನ್ರಿ?" ಎಂದು ಭಾವನನ್ನು ಕೇಳಿದಳು.

"ಗಾರ್ಡ್ ಹಾಕಿದ್ರ ಗಾಡಿ ಬೀಳೂದು ನಿಲ್ಲತೈತೇನವಾ? ಇದ್ದ ಚೆಂದ ಕೆಡತೈತಿ, ಅಷ್ಟ."

"ಬೀಳೂದು ನಿಲ್ಲಂಗಿಲ್ರಿ. ಆದ್ರ ಬಿದ್ದಾಗ ಗಾಡಿ ಪೂರಾ ನೆಲಕ್ಕ ಮಲಗಂಗಿಲ್ಲ, ಆ ಕಂಬಿ ಮ್ಯಾಲ ತಡೀತೈತಿ. ಬುಡಕ ಸಂದಿ ಉಳೀತೈತಿ. ನನ್ನ ಗಾಡೀನೂ ನಿಂತಲ್ಲೇ ಬಿದ್ದೈತ್ರಿ, ನನ್ನ ಕಾಲಿಗೆ ಏನೂ ಆಗಿಲ್ಲ."

ಭರತೇಶ ಸ್ವಲ್ಪ ಯೋಚಿಸಿದ. "ಹಂಗಿದ್ರ ಶಿರೋಳಿಯಾಗ ನಮ್ಮ ಕಾರ್ಖಾನ್ಯಾಗ ಪೈಪ್ ಬಗ್ಗಸಿ ನಾನ ವೆಲ್ಡಿಂಗ್ ಹೊಡೀತೇನಿ."

"ಬ್ಯಾಡ್ರಿ ದಾಜಿ. ವೆಲ್ಡಿಂಗ್ ಬಿಸಿಗೆ ಫ್ರೇಮ್ ಹೆಂಗ ಸೊರಗತೈತಿ, ನಿಮಗ ನಾ ಹೇಳಬೇಕೇನು? ಈ ಗಾಡಿಗಂತನ ಮಾಡಿದ್ದು ಸಿಗತಾವು. ಬರೋಬರ ಬೋಲ್ಟಿಗೆ ಕುಂದರತಾವು."

ಎರಕದ ಕಾರ್ಖಾನೆಯಲ್ಲಿ ತಲೆ ನರೆಸಿಕೊಂಡವನು ಭರತೇಶ. ಕಬ್ಬಿಣದ ಮಾತು ಅವನಿಗೆ ಬೇಗ ತಿಳಿಯುತ್ತಿತ್ತು. ಗಾರ್ಡ್ ಹಾಕಿಸಲು ಒಪ್ಪಿದ.

ಪ್ಲಾಸ್ಟರ್ ಬಿಚ್ಚಿ ಕಾಲು ಗಟ್ಟಿಯಾದ ಮೇಲೆ ಭರತೇಶ ಒಬ್ಬನೇ ಗಾಡಿಯ ಮೇಲೆ, ಛಾಯಾ ಬಸ್ಸಿನಲ್ಲಿ ಕೊಲ್ಲಾಪುರಕ್ಕೆ ಹೋಗಿ, ನೂತನಳೊಂದಿಗೆ ಗಾರ್ಡ್ ಹಾಕುವ ಅಂಗಡಿಗೆ ಹೋದರು. ಮುಂದೆ ಎಂಜಿನ್ನಿನ ಎರಡೂ ಬದಿಗೆ, ಹಿಂದೆ ಬ್ಯಾಗು ತೂಗುವಲ್ಲಿ, ಉಕ್ಕಿನ ಕಂಬಿಗಳು ಕೂತವು. ಭರತೇಶ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಬೋಲ್ಟ್ ಮುಟ್ಟಿ ನೋಡಿದ. ಹ್ಯಾಂಡಲನ್ನು ಆ ಕಡೆ ಈ ಕಡೆ ಪೂರ್ತಿ ತಿರುಗಿಸಿದ. ಬ್ರೇಕು, ಗೇರು ತುಳಿಯುವಾಗ ಕಾಲಿಗೆ ಅಡ್ಡ ಬರುತ್ತದೆಯೋ ಎಂದು ನೋಡಿದ. ಆದರೂ ಮನಸ್ಸು ಒಪ್ಪಲಿಲ್ಲ.

"ಒಮ್ಮೆ ಮಲಗಿಸಿ ತೋರಸ್ರಿ" ಎಂದ.

ಅಂಗಡಿಯವರು ನೆಲಕ್ಕೆ ಗೋಣಿಚೀಲ ಹಾಸಿ, ನಾಲ್ಕೂ ಕಡೆ ಹಿಡಿದು ಗಾಡಿಯನ್ನು ಮೆಲ್ಲಗೆ ವಾಲಿಸಿದರು. ಅದು ಕಂಬಿಗಳ ಮೇಲೆ ಓರೆಯಾಗಿ ನಿಂತಿತು. ಭರತೇಶ ಕೆಳಗಿನ ಸಂದಿಯಲ್ಲಿ ಕೈ ಹಾಕಿದ, ಮೊಣಕೈವರೆಗೆ ಹಾಕಿದ. ಛಾಯಾ ಚಪ್ಪಲಿ ಬಿಟ್ಟು, ಅವನ ಪಕ್ಕದಲ್ಲೇ ಕೂತು, ಅದೇ ಎಡಗಾಲನ್ನು ಒಳಗೆ ಚಾಚಿದಳು.

"ಏ, ಬ್ಯಾಡ!" ಭರತೇಶ ಅವಳ ಕಾಲು ಹಿಡಿದುಕೊಂಡ.

"ನೋಡ್ರಿ. ಎಲ್ಲೂ ತಾಗವಲ್ತು."

ಅವನು ನೋಡಿದ. ಹಿಡಿದ ಕಾಲನ್ನು ಬಹಳ ಹೊತ್ತು ಬಿಡಲಿಲ್ಲ. "ಇಷ್ಟ ಜಾಗ ಅವತ್ತ ಇದ್ದಿದ್ರ..." ಎಂದ. ನೂತನ ಮುಖ ಆಚೆ ತಿರುಗಿಸಿದಳು.

"ಇವತ್ತ ಐತಲ್ರಿ" ಎಂದು ಛಾಯಾ ಅವನ ತೋಳು ಸವರಿದಳು.

ಹೊರಡುವಾಗ ನೂತನ ಹೇಳಿದಳು, "ಇದನ್ನ ನಂಬಿ ಜೋರ ಹೊಡೀಬ್ಯಾಡ್ರಿ ದಾಜಿ. ತಲಿ ಕಾಯೂದು ಹೆಲ್ಮೆಟ್ಟ, ಇಬ್ಬರೂ ಹಾಕ್ಕೋರಿ. ಗಾಡಿ ಕೈಮೀರಿ ವಾಲಿದ್ರ ಕಾಲು ಕೊಟ್ಟು ಹಿಡೀಲಾಕ ಹೋಗಬ್ಯಾಡ್ರಿ."

ಮಳೆಗಾಲ ಕಳೆದ ಮೇಲೆ ಗಂಡ ಹೆಂಡತಿ ಅದೇ ಗಾಡಿಯಲ್ಲಿ ಶ್ರವಣಬೆಳಗೊಳಕ್ಕೆ ಹೋದರು. ಬೆಟ್ಟದ ಮೆಟ್ಟಿಲನ್ನು ಛಾಯಾ ತನ್ನ ಕಾಲಿಂದಲೇ ಹತ್ತಿದಳು. ಗೊಮ್ಮಟನೆದುರು ನಿಂತು ಭರತೇಶ ಕೇಳಿದ, "ಮುಂದ ಎಲ್ಲಿಗಿ?" ಛಾಯಾ ನಕ್ಕುಬಿಟ್ಟಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಭಾರವಾದ ಗಾಡಿ ಇದ್ದೀತು. ಅದು ಓಡುವಾಗಲೇ ಬೀಳಬೇಕೆಂದಿಲ್ಲ. ನಿಲ್ಲಿಸುವಾಗ, ತಿರುಗಿಸುವಾಗ, ಜಲ್ಲಿಯಲ್ಲಿ, ಕೆಸರಲ್ಲಿ ಬೀಳುತ್ತದೆ. ನಿಮ್ಮ ಗಾಡಿಗೆಂದೇ ಮಾಡಿದ ಗಾರ್ಡನ್ನು ತಿಳಿದವರ ಕೈಯಿಂದ ಹಾಕಿಸಿ. ಕೆಲವು ದಿನ ಓಡಿಸಿದ ಮೇಲೆ ಬೋಲ್ಟ್ ಮತ್ತೆ ಬಿಗಿ ಮಾಡಿಸಿ. ಬಿದ್ದು ಬಾಗಿದ ಗಾರ್ಡನ್ನು ಬಡಿದು ನೆಟ್ಟಗೆ ಮಾಡಬೇಡಿ, ಹೊಸದು ಹಾಕಿಸಿ. ನಿಮ್ಮ ಹೆಗಲ ಮೇಲೆ ಕೈಯಿಟ್ಟು ಹಿಂದೆ ಕೂತವರು ನಿಮ್ಮನ್ನೇ ನಂಬಿ ಕೂತಿರುತ್ತಾರೆ. ದೂರದ ದಾರಿ ಹಿಡಿಯುವ ಮುನ್ನ ಅವರಿಗಾಗಿ ಇಷ್ಟು ಮಾಡಿ.