ಅರ್ಧ ಸುತ್ತು

ಮೇಸ್ತ್ರಿ ಬಾನೆಟ್ಟಿನೊಳಗೆ ಅರ್ಧ ಮುಳುಗಿದ್ದ. ಹಜಾರದಲ್ಲಿ ಹೆಂಡತಿಯ ಹೆಣ, ಅಂಗಳದಲ್ಲಿ ಅವಳ ಹಳೇ ಕಾರು. ಬಂದವರು ಯಾವ ಕಡೆ ಮುಖ ಮಾಡಿ ಅಳಬೇಕೋ ತಿಳಿಯದೆ ಗೇಟಿನ ಹತ್ತಿರವೇ ನಿಂತಿದ್ದರು.

"ಬಿಡಪ್ಪ ಅದನ್ನ," ಎಂದರು ಅವಳ ಅಣ್ಣ. "ವ್ಯಾನ್ ಬಂದಾಯ್ತು. ನೀನು ನನ್ನ ಜೊತೆ ಮುಂದಿನ ಸೀಟಲ್ಲಿ ಕೂತ್ಕೋ."

"ನಾನು ಅವಳ ಗಾಡೀಲೇ ಅವಳ ಹಿಂದೆ ಬರ್ತೀನಿ ಭಾವ."

"ವ್ಯಾನ್ ನಡೆಯೋರ ಜೊತೆ ನಿಧಾನವಾಗಿ ಹೋಗತ್ತೆ. ಇದು ನಿಧಾನ ಮಾಡಿದ್ರೆ ಆಫ್ ಆಗತ್ತೆ. ನಡುರಸ್ತೇಲಿ ನಾಲ್ಕು ಜನ ನಗಬೇಕಾ?"

"ಮೂವತ್ತು ವರ್ಷ ನಕ್ಕಿದಾರೆ. ಇವತ್ತೂ ನಗಲಿ."

ನಗುವುದಕ್ಕೆ ಕಾರಣವೂ ಇತ್ತು. ಅವನದು ಗ್ಯಾರೇಜು. ಅವಳದು ಇದೊಂದೇ ಕಾರಿನ ಡ್ರೈವಿಂಗ್ ಸ್ಕೂಲು. ಎಕ್ಸಲೇಟರಿನಿಂದ ಕಾಲು ತೆಗೆದರೆ ಸಾಕು, ಕಾರು ಕೆಮ್ಮಿ ಕಣ್ಣು ಮುಚ್ಚುತ್ತಿತ್ತು. ಊರಿನ ಗಾಡಿಗಳಿಗೆಲ್ಲ ಜೀವ ಕೊಡುವವನಿಗೆ ಮನೆಯ ಗಾಡಿಯ ರೋಗ ಸಿಕ್ಕಿರಲಿಲ್ಲ.

ಅವಳು ಹಾಸಿಗೆ ಹಿಡಿದ ಮೇಲೆ ಮೂರು ತಿಂಗಳಿಂದ ಕಾರು ನಿಂತಲ್ಲೇ ನಿಂತಿತ್ತು. ಹಳೇ ಪೆಟ್ರೋಲ್ ಚೆಲ್ಲಿ ಹೊಸದು ತುಂಬಿದ್ದಾಯಿತು. ಕಿಡಿ ಹಾರಿಸುವ ಪಾಯಿಂಟಿಗೆ ಹಿಡಿದಿದ್ದ ಕಿಲುಬನ್ನು ಉಪ್ಪುಕಾಗದದಿಂದ ಉಜ್ಜಿದ್ದಾಯಿತು. ಅವಳ ಹಳೇ ಶಿಷ್ಯೆ, ಈಗ ಸಿಟಿ ಬಸ್ಸು ಓಡಿಸುವವಳು, ಹೇಳಿಸಿಕೊಳ್ಳದೆ ಬಂದು ಸ್ಟೇರಿಂಗ್ ಮುಂದೆ ಕೂತಳು.

"ಚೋಕ್ ಎಳಿ. ಹೂಂ, ಈಗ ಸೆಲ್ಫ್ ಹೊಡಿ."

ಎರಡು ಸಲ ತಿಣುಕಿದ ಎಂಜಿನ್ ಮೂರನೆಯ ಸಲ ಹೊಗೆ ಉಗುಳಿ ಎದ್ದು ಕೂತಿತು. ಎಂಜಿನ್ ಬಿಸಿಯಾದ ಮೇಲೆ ಅವಳು ಚೋಕ್ ಒಳಗೆ ತಳ್ಳಿ ಕಾಲೆತ್ತಿದಳು. ತಟ್ಟನೆ ಆಫ್ ಆಯಿತು.

ಅದೇ ರೋಗ. ಮೇಸ್ತ್ರಿ ಸ್ಕ್ರೂಡ್ರೈವರ್ ತೆಗೆದು ಕಾರ್ಬೊರೇಟರಿನ ಪಕ್ಕದ ಸ್ಲೋ ಸ್ಕ್ರೂಗೆ ಕೈ ಹಾಕಿದ. ನಿಂತ ಗಾಡಿಯ ಉಸಿರು ನಿಲ್ಲದಂತೆ ಹಿಡಿದಿಡುವ ಸ್ಕ್ರೂ ಅದು. ಎಂದಿನ ಹಾಗೆ ಸಡಿಲವಾಗಿತ್ತು.

"ಅಣ್ಣಾ," ಎಂದಳು ಬಸ್ಸಿನವಳು. "ಅದೊಂದು ಮುಟ್ಟಬೇಡಿ."

*

ಭಾನುವಾರ ಬಂತೆಂದರೆ ಅವನು ಆ ಸ್ಕ್ರೂ ಬಿಗಿ ಮಾಡುತ್ತಿದ್ದ. ಓಡುವ ಎಂಜಿನ್ ಮೇಲೆ ತುಂಬಿದ ಲೋಟ ಇಟ್ಟು, "ನೋಡು, ನೀರು ಅಲುಗಾಡ್ತಿಲ್ಲ," ಎನ್ನುತ್ತಿದ್ದ. ಅವಳು ಪಕ್ಕದ ಸ್ಟೂಲಿನಲ್ಲಿ ಟೀ ಹಿಡಿದು ಕೂತು, "ಭೇಷ್," ಎನ್ನುತ್ತಿದ್ದಳು. ಸೋಮವಾರ ಸಂಜೆ ಕಾರು ಮತ್ತೆ ಸಾಯುತ್ತಾ ಬರುತ್ತಿತ್ತು.

ಎಂಜಿನ್ ಅದುರುವುದಕ್ಕೆ ಸಡಿಲವಾಗುತ್ತದೆ ಎಂದು ಸ್ಪ್ರಿಂಗ್ ಬದಲಿಸಿದ. ಗಾಳಿ ಕದಿಯುತ್ತಿದೆ ಎಂದು ಗ್ಯಾಸ್ಕೆಟ್ ಬದಲಿಸಿದ. ಕೊನೆಗೆ ಕಾರ್ಬೊರೇಟರನ್ನೇ ಬದಲಿಸಿದ.

"ಪಾಪ, ನಿಮ್ಮ ತಪ್ಪಲ್ಲ ಬಿಡಿ," ಎನ್ನುತ್ತಿದ್ದಳು ಅವಳು. "ಮುಂದಿನ ಭಾನುವಾರ ನೋಡೋಣ."

*

"ಕ್ಲಾಸಿಗೆ ಮುಂಚೆ ಮೇಡಮ್ಮೇ ಅದನ್ನ ಅರ್ಧ ಸುತ್ತು ಸಡಿಲ ಮಾಡೋರು," ಎಂದಳು ಬಸ್ಸಿನವಳು. "ಒಳ್ಳೇ ಗಾಡೀಲಿ ಕಲಿತೋರು ಗಾಡೀನ ನಂಬ್ತಾರೆ, ಇದ್ರಲ್ಲಿ ಕಲಿತೋರು ತಮ್ಮ ಕಾಲನ್ನ ನಂಬ್ತಾರೆ ಅನ್ನೋರು. ಹಿಮ್ಮಡಿ ಬ್ರೇಕ್ ಮೇಲೆ, ಬೆರಳು ಎಕ್ಸಲೇಟರ್ ಮೇಲೆ. ನಾವೆಲ್ಲ ಅತ್ಕೊಂಡೇ ಕಲಿತ್ವಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಭಾನುವಾರ ನೀವು ಬೇರೆಯೋರ ಗಾಡಿ ಹಿಡ್ಕೊಂಡು ಕೂತ್ಬಿಡ್ತೀರಂತೆ."

"ಇದು ಇನ್ಯಾರಿಗೆ ಗೊತ್ತಿತ್ತು?"

ಅವಳು ಗೇಟಿನ ಕಡೆ ನೋಡಿದಳು. ಅಲ್ಲಿ ನಿಂತಿದ್ದ ಹಳೇ ಶಿಷ್ಯರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡರು.

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು, ಹಿಂದೆಯೇ ನಗು ಉಕ್ಕಿತು. ಗ್ರೀಸ್ ಕೈಯಲ್ಲೇ ಹಜಾರಕ್ಕೆ ನಡೆದು ಹೆಂಡತಿಯ ತಲೆಯ ಹತ್ತಿರ ಕುಕ್ಕರಿಸಿದ.

"ಕಳ್ಳಿ," ಎಂದ. "ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಿದೆಯಲ್ಲೇ." ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು.

ಹೊರಗೆ ಬಂದಾಗ ಭಾವ ಕಾಯುತ್ತಿದ್ದರು. "ಈಗ ರೋಗ ಗೊತ್ತಾಯ್ತಲ್ಲ. ಸ್ಕ್ರೂ ಬಿಗಿ ಮಾಡಿ ಹೊರಡು."

ಮೇಸ್ತ್ರಿ ಬಾನೆಟ್ ಮುಚ್ಚಿ ಸ್ಕ್ರೂಡ್ರೈವರನ್ನು ಜೇಬಿಗಿಳಿಸಿದ. "ಅವಳಿಟ್ಟ ಹಾಗೇ ಇರತ್ತೆ."

"ದಾರೀಲಿ ನಿಂತ್ರೆ?"

"ನಿಲ್ಲಲ್ಲ. ನಿಂತ್ರೆ ಮತ್ತೆ ಎಬ್ಬಿಸ್ತೀನಿ. ನೀವು ವ್ಯಾನ್ ಹತ್ತಿ ಭಾವ."

ಬಸ್ಸಿನವಳು ಪಕ್ಕದ ಸೀಟಿಗೆ, ಮೇಡಂ ಕೂರುತ್ತಿದ್ದ ಜಾಗಕ್ಕೆ ಸರಿದಳು. ಗೇಟು ದಾಟುವುದರೊಳಗೆ ಕಾರು ಎರಡು ಸಲ ಆಫ್ ಆಯಿತು. ಯಾರೋ ಕಿಸಕ್ಕೆಂದರು. "ಬ್ರೇಕಿಂದ ಹಿಮ್ಮಡಿ ಎತ್ತಬೇಡಿ, ಬೆರಳಲ್ಲಿ ಮಾತ್ರ ಎಕ್ಸಲೇಟರ್ ಒತ್ತಿ," ಎಂದಳು ಅವಳು. ಈ ಕಸರತ್ತನ್ನು ಅವನು ಈವರೆಗೆ ಕಲಿತಿರಲಿಲ್ಲ. ಬಿಗಿ ಮಾಡಿದ ಗಾಡಿಯನ್ನಷ್ಟೇ ಓಡಿಸಿದವನು.

ದೊಡ್ಡ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿತ್ತು. ಮುಂದೆ ವ್ಯಾನ್ ನಿಂತಿತು. ಕಾರು ಗಡಗಡ ನಡುಗಿತು, ಸದ್ದು ಕುಗ್ಗಿತು, ಇನ್ನೇನು ಹೋಯಿತು ಎನ್ನುವಾಗ ಅವನ ಹೆಬ್ಬೆರಳು ಎಕ್ಸಲೇಟರನ್ನು ಮುಟ್ಟಿತು. ಎಂಜಿನ್ ಗುರ್ ಎಂದು ಉಸಿರು ಹಿಡಿದುಕೊಂಡಿತು.

ಹಿಂದಿನಿಂದ ಇನ್ನೊಂದು ಗುರ್ ಕೇಳಿಸಿತು. ಆಮೇಲೆ ಮತ್ತೊಂದು. ಮೇಸ್ತ್ರಿ ಕನ್ನಡಿ ನೋಡಿದ. ರಸ್ತೆಯ ತಿರುವಿನವರೆಗೂ ಅವಳ ಶಿಷ್ಯರ ಕಾರುಗಳು, ಆಟೋಗಳು, ಒಂದು ಲಾರಿ. ಎಲ್ಲವೂ ಗಟ್ಟಿಮುಟ್ಟಾದ ಗಾಡಿಗಳು, ಕಾಲೆತ್ತಿದರೂ ಆಫ್ ಆಗುವಂಥವಲ್ಲ. ಆದರೂ ಕೆಂಪು ದೀಪ ಇರುವಷ್ಟು ಹೊತ್ತೂ ಒಬ್ಬರೂ ಎಕ್ಸಲೇಟರಿನಿಂದ ಬೆರಳು ಎತ್ತಲಿಲ್ಲ.